ಕಾರು ಹಳೇದಾಯ್ತು, ಕೊಟ್ಟುಬಿಡಲಾ?

“ಹನ್ನೆರಡು ವರ್ಷ ಆಯ್ತು, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ. ಮಳೆಗಾಲಕ್ಕೆ ಮುಂಚೆ ಕೊಟ್ಟು ಹೊಸದು ತಗೊಳ್ಳಲಾ?” ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಏಪ್ರಿಲ್ ಬಂತೆಂದರೆ ಕೇಳುವ ಪ್ರಶ್ನೆ ಇದು. ಆ ಎರಡು ಅಂಕಿಯಿಂದ ಉತ್ತರ ಹೊರಡುವುದಿಲ್ಲ. ಮಲೆನಾಡಿನಲ್ಲಿ ಕಾರು ಎಂಜಿನ್ ಹೋಗಿ ಸಾಯುವುದು ಕಡಿಮೆ, ಅಡಿಯಿಂದ ಸಾಯುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆ ಬದಿಯ ಕಾರಿಗೂ ಮಳೆ ಕಡಿಮೆಯಿರುವ ಚನ್ನಗಿರಿಯ ಕಾರಿಗೂ ಮೀಟರ್ ಒಂದೇ ತೋರಿಸಬಹುದು, ತಗಡು ಒಂದೇ ಇರುವುದಿಲ್ಲ.

ಹಾಗಾಗಿ ಮೊದಲು ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ ಕಾರನ್ನು ಎತ್ತಿಸಿ. ಒಂದು ದಪ್ಪ ಸ್ಕ್ರೂ ಡ್ರೈವರ್ ತಗೊಂಡು ಅದರ ಹಿಡಿಯಿಂದ ತಟ್ಟುತ್ತಾ ಬನ್ನಿ: ಬಾಗಿಲ ಕೆಳಗಿನ ಉದ್ದ ಪಟ್ಟಿ, ಜಾಕ್ ಕೊಡುವ ಜಾಗ, ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಕೂರುವ ಕಡೆ, ಹಿಂದಿನ ಆಕ್ಸಲ್ ಬುಷ್ ಹಿಡಿದಿರುವ ಬ್ರಾಕೆಟ್, ಬಾನೆಟ್ ತೆಗೆದರೆ ಕಾಣುವ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್) ತಲೆ. ಟಣ್ ಎಂದರೆ ಗಟ್ಟಿ. ಡಬ್ ಎಂದು ತೌಡಿನಂತೆ ಉದುರಿದರೆ ಆ ಕಾರಿಗೆ ಇನ್ನು ದುಡ್ಡು ಹಾಕಬೇಡಿ. ಬಾಗಿಲಂಚು, ಡಿಕ್ಕಿಯಂಚಿನ ತುಕ್ಕು ಬರೀ ನೋಟದ್ದು, ವೆಲ್ಡಿಂಗಿಗೆ ಮುಗಿಯುತ್ತದೆ. ಲೋವರ್ ಆರ್ಮ್ ಕಿತ್ತು ಬರುವ ತುಕ್ಕು ಹಾಗಲ್ಲ, ಘಾಟಿಯ ತಿರುವಿನಲ್ಲಿ ಚಕ್ರವೇ ಮಡಚಿಕೊಳ್ಳುತ್ತದೆ. ಕಾರ್ಪೆಟ್ ಎತ್ತಿ ಫ್ಲೋರ್, ಡಿಕ್ಕಿಯ ಸ್ಟೆಪ್ನಿ ಗುಂಡಿ ಎರಡನ್ನೂ ನೋಡಿ.

ಇಷ್ಟು ತುಕ್ಕು ಬರಲು ಮಳೆಯೊಂದೇ ಕಾರಣವಲ್ಲ. ಬಾಗಿಲ ಕೆಳಗಿನ ಪಟ್ಟಿಯ ಅಡಿಯಲ್ಲಿ ನೀರು ಹರಿದುಹೋಗಲು ಕಿರುಬೆರಳು ಹೋಗದಷ್ಟು ಸಣ್ಣ ತೂತುಗಳಿರುತ್ತವೆ. ಕೆಂಪು ಜಂಬಿಟ್ಟಿಗೆ ಕೆಸರು ಒಣಗಿ ಅವನ್ನು ಮುಚ್ಚುತ್ತದೆ, ನೀರು ಒಳಗೇ ನಿಲ್ಲುತ್ತದೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ವೈಪರ್ ಕೆಳಗಿನ ತಟ್ಟೆಗೆ ತರಗೆಲೆ ತುಂಬಿ ನೀರು ಡ್ಯಾಶ್‌ಬೋರ್ಡಿನೊಳಗೆ ಇಳಿಯುತ್ತದೆ. ಇನ್ನು ಅಂಡರ್‌ಬಾಡಿ ಕೋಟಿಂಗ್: ತುಕ್ಕು ಕೆರೆಯದೆ ಮೇಲೆ ಕರಿ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಎರಡೇ ಮಳೆಗಾಲದಲ್ಲಿ ತಗಡು ತಿನ್ನುತ್ತದೆ. ಮಾಡಿಸುವುದಿದ್ದರೆ ಒಣ ಬಿಸಿಲಿನ ಮಾರ್ಚ್, ಏಪ್ರಿಲ್‌ನಲ್ಲಿ, ತಗಡು ಬೆಳ್ಳಗೆ ಕಾಣುವವರೆಗೆ ಕೆರೆಸಿ.

ಅಡಿ ಗಟ್ಟಿಯಿದ್ದರೆ ಮಾತ್ರ ಎಂಜಿನ್ ಕಡೆ ಬನ್ನಿ. ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿದು ಬಂದು ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ಒಂದು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿರಬಹುದು, ಅದು ದೊಡ್ಡ ಕೆಲಸವಲ್ಲ. ಏರು ಹತ್ತುವಾಗ ಹೊಗೆ ನಿಲ್ಲದೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನಲ್ಲಿ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಸೀಲು) ಹೋಯಿತೆಂದು ಹೆದರುವವರಿದ್ದಾರೆ. ಜುಲೈ ತಿಂಗಳಲ್ಲಿ ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಬರೀ ತೇವಕ್ಕೇ ಹಾಗಾಗುತ್ತದೆ. ಡಿಪ್‌ಸ್ಟಿಕ್ ನೋಡಿ. ಅಲ್ಲೂ ಕಾಫಿ ಬಣ್ಣದ ಕೆನೆ ಇದ್ದು, ಕೂಲಂಟ್ ಸುಮ್ಮನೆ ಕಡಿಮೆಯಾಗುತ್ತಿದ್ದರೆ ಚಿಂತೆ. ಕ್ಲಚ್ಚಿಗೆ ಸುಲಭ ಪರೀಕ್ಷೆ: ನಾಲ್ಕನೇ ಗೇರಿನಲ್ಲಿ ಸುಮಾರು 40ರ ವೇಗದಲ್ಲಿ ಪೂರ್ತಿ ಒತ್ತಿ, ಆರ್‌ಪಿಎಂ ಏರಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ.

ರಿಪೇರಿಗೆ ಇಪ್ಪತ್ತೈದು ಸಾವಿರ ಎಂದ ಕೂಡಲೇ “ಇದಕ್ಕೆ ಹಾಕೋ ಬದಲು ಹೊಸದೇ ತಗೊಳ್ಳೋಣ” ಎನ್ನುವ ಲೆಕ್ಕ ತಪ್ಪು. ಶೇ 9 ಬಡ್ಡಿಗೆ ಐದು ವರ್ಷಕ್ಕೆ 7 ಲಕ್ಷ ಸಾಲ ಮಾಡಿದರೆ ತಿಂಗಳಿಗೆ ಸುಮಾರು 14,500 ರೂಪಾಯಿ ಕಂತು, ವರ್ಷಕ್ಕೆ 1.74 ಲಕ್ಷ. ತಗಡು ಗಟ್ಟಿಯಿರುವ ಕಾರಿಗೆ ಕ್ಲಚ್, ಶಾಕ್ ಅಬ್ಸಾರ್ಬರ್, ನಾಲ್ಕು ಟೈರ್ ಒಂದೇ ವರ್ಷ ಹಾಕಿಸಿದರೂ ಸಾಮಾನ್ಯವಾಗಿ ಅದರ ಅರ್ಧ ದಾಟುವುದಿಲ್ಲ.

ಹದಿನೈದು ವರ್ಷಕ್ಕೆ ಕಾರು ಗುಜರಿಗೆ ಹೋಗಲೇಬೇಕೆಂಬುದೂ ಸುಳ್ಳು. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣವಾಗುತ್ತದೆ. ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿದರು, ಹಸಿರು ತೆರಿಗೆ ಬೇರೆ. ದೆಹಲಿಯ ಹತ್ತು ವರ್ಷದ ಡೀಸೆಲ್ ಗಲಾಟೆಗೂ ಶಿವಮೊಗ್ಗಕ್ಕೂ ಸಂಬಂಧವಿಲ್ಲ.

ತಗಡೂ ಗಟ್ಟಿ, ಎಂಜಿನ್ನೂ ಗಟ್ಟಿ, ಆದರೂ ಬದಲಿಸಿ ಎನ್ನಲು ಒಂದು ಕಾರಣವಿದೆ: ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ಅದಕ್ಕಿಂತ ಹಿಂದಿನ ಕಡಿಮೆ ದರದ ಹಲವು ಮಾದರಿಗಳಲ್ಲಿ ಇರಲಿಲ್ಲ. ಪಾಚಿಗಟ್ಟಿದ ಇಳಿಜಾರಿನಲ್ಲಿ ಚಕ್ರ ಲಾಕ್ ಆದರೆ ಸ್ಟೇರಿಂಗ್ ತಿರುಗಿಸಿದ ಕಡೆ ಕಾರು ಹೋಗುವುದಿಲ್ಲ. ಹೊಸದಾಗಿ ಕಲಿತ ಮಗನೋ ಮಗಳೋ ಅದೇ ಕಾರಿನಲ್ಲಿ ಘಾಟಿ ಇಳಿಯುವುದಾದರೆ ಬದಲಿಸಿ.

ಯಾವುದು ತಗೊಳ್ಳುವುದು? ಹೆದ್ದಾರಿ ನೋಡಿ ಆರಿಸಬೇಡಿ, ಬೇಲಿಯ ದಣಪೆಯಿಂದ (ಗೇಟಿನಿಂದ) ಮನೆ ಅಂಗಳದವರೆಗಿನ ದಾರಿ ನೋಡಿ ಆರಿಸಿ. ಮಣ್ಣಿನ ಏರುದಾರಿಯಾದರೆ ಗ್ರೌಂಡ್ ಕ್ಲಿಯರೆನ್ಸ್ 180 ಮಿ.ಮೀ. ಮೇಲಿರಲಿ. ಕಂಪನಿ ಹೇಳುವುದು ಹೆಚ್ಚಾಗಿ ಖಾಲಿ ಕಾರಿನ ಅಳತೆ, ಐದು ಜನ ಕೂತು ಡಿಕ್ಕಿಗೆ ಗೊಬ್ಬರದ ಚೀಲ ಬಿದ್ದರೆ ಹಿಂಬದಿ ಕುಸಿಯುತ್ತದೆ. ಮುಂಚಕ್ರ ಎಳೆಯುವ ಕಾರಿಗೆ ಹಿಂದೆ ಭಾರ ಹೆಚ್ಚಾದಷ್ಟೂ ಒದ್ದೆ ಏರಿನಲ್ಲಿ ಹಿಡಿತ ಕಡಿಮೆ. ವರ್ಷದಲ್ಲಿ ಮೂರು ತಿಂಗಳು ಕೆಸರಿನ ಏರೇ ಗತಿ ಎನ್ನುವವರಿಗೆ ಜಿಮ್ನಿ, ಥಾರ್ ತರಹದ ಫೋರ್ ವೀಲ್ ಡ್ರೈವ್. ಉಳಿದವರಿಗೆ ಒಳ್ಳೆ ಟೈರ್ ಸಾಕು.

ಡೀಸೆಲ್ ಎಂದರೆ ಏರಿಗೆ ಬಲ ಎನ್ನುವುದು ನಿಜ. ಆದರೆ ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರಿನಲ್ಲಿರುವ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನ ಮಸಿ ಸುಟ್ಟುಕೊಳ್ಳಲು ಬಿಸಿಯಾಗಿ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ತೋಟದಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎನ್ನುವ ಓಡಾಟಕ್ಕೆ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ದೂರದ ಓಟ ಇಲ್ಲದವರು ಪೆಟ್ರೋಲ್ ತಗೊಳ್ಳಿ. ಎಲೆಕ್ಟ್ರಿಕ್ ಕಾರು ಏರಿನಲ್ಲಿ ಸೊಗಸಾಗಿ ಹತ್ತುತ್ತದೆ. ಆದರೆ ಆಗುಂಬೆ ಮೇಲೆ ಪೂರ್ತಿ ಚಾರ್ಜ್ ಮಾಡಿ ಸೋಮೇಶ್ವರದ ಕಡೆ ಇಳಿಯಬೇಡಿ: ಬ್ಯಾಟರಿ ತುಂಬಿದ್ದರೆ ಇಳಿಜಾರಿನ ಶಕ್ತಿ ತುಂಬಿಕೊಳ್ಳಲು ಜಾಗವಿರದೆ ಮೋಟಾರು ಕಾರನ್ನು ಹಿಡಿಯುವುದು ಕಡಿಮೆಯಾಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಘಟ್ಟದ ಕೆಳಗಿನ ಉಪ್ಪುಗಾಳಿಯ ಕಾರಿಗಿಂತ ದಾವಣಗೆರೆ, ಚಿತ್ರದುರ್ಗದ ಬಯಲುಸೀಮೆಯ ಕಾರು ಮೇಲು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ತುದಿಯಲ್ಲಿ ಕೆಸರಿನ ಗೆರೆಯಿದ್ದರೆ ಅದು ನೀರಲ್ಲಿ ಮುಳುಗಿದ ಕಾರು.

ಹೊಸದಾದರೆ ಟೆಸ್ಟ್ ಡ್ರೈವನ್ನು ಬೈಪಾಸಿನಲ್ಲಿ ಮುಗಿಸಬೇಡಿ. ನಾಲ್ಕು ಜನ ಕೂರಿಸಿಕೊಂಡು ನಿಮ್ಮದೇ ಮನೆಯ ಏರುದಾರಿಗೆ ತನ್ನಿ, ಏರಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡಿಸಿ. ಕ್ಲಚ್ ವಾಸನೆ ಬರದೆ, ಹಿಂದಕ್ಕೆ ಜಾರದೆ ಹತ್ತಿದರೆ ಆಮೇಲೆ ಬಣ್ಣದ ಮಾತು.