ಹೆದ್ದಾರಿ ಸುತ್ತಿಕೊಂಡು ಹೋಗುವ ಊರಿಗೆ ರೈಲಿನಲ್ಲಿ

ಬೆಂಗಳೂರಿನಿಂದ ಒಂದು ದಿನದ ಮಟ್ಟಿಗೆ ಎಲ್ಲಾದರೂ ಹೋಗಿ ಬರಬೇಕು ಅನ್ನಿಸಿದಾಗ ನಾನು ಮೊದಲು ನೋಡುವುದು ಸ್ಟೇಷನ್ ಎಲ್ಲಿದೆ ಅಂತ. ಸ್ಟೇಷನ್ನಿನಿಂದ ಹಳೇ ಊರಿಗೆ ನಡೆದೇ ಹೋಗುವಂತಿರಬೇಕು. ಮೂರು ಗಂಟೆಗಿಂತ ಜಾಸ್ತಿ ರೈಲಲ್ಲಿ ಕೂರುವಂತಿರಬಾರದು. ಮತ್ತೆ ಆ ಊರಲ್ಲಿ ಜನ ಇನ್ನೂ ಸಂಸಾರ ಮಾಡಿಕೊಂಡಿರಬೇಕು. ಟಿಕೆಟ್ ಕೊಟ್ಟು ಒಳಗೆ ಹೋಗಿ, ಫೋಟೋ ತೆಗೆದು ಹೊರಗೆ ಬರುವ ಜಾಗಗಳು ನನ್ನ ಮನಸ್ಸಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಇದಕ್ಕೆಲ್ಲ ಹೊಂದುವ ಊರು ನನ್ನ ಲೆಕ್ಕದಲ್ಲಿ ಶ್ರೀರಂಗಪಟ್ಟಣ.

ಶ್ರೀರಂಗಪಟ್ಟಣ ಯಾರು ನೋಡಿಲ್ಲ ಅನ್ನಬಹುದು. ಶಾಲೆಯ ಪ್ರವಾಸದಲ್ಲಿ ಎಲ್ಲರೂ ನೋಡಿರ್ತೀವಿ. ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ, ಮತ್ತೆ ಬಸ್ಸು. ಕೋಟೆಯೊಳಗಿನ ಊರಲ್ಲಿ ವಾರದ ಮಧ್ಯೆ ಸುಮ್ನೆ ಓಡಾಡಿದವರು ಕಡಿಮೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಇನ್ನೂ ಕಡಿಮೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಈಗ ಬೈಪಾಸ್. ಕಾರಿನವರಿಗೆ ಈ ಊರುಗಳೆಲ್ಲ ಬರೀ ಬೋರ್ಡಿನ ಮೇಲಿನ ಹೆಸರು. ರೈಲು ಮಾತ್ರ ಇವತ್ತಿಗೂ ಒಂದೊಂದು ಊರಿನ ಒಳಗೇ ಹೋಗಿ ನಿಂತು ಹೊರಡುತ್ತದೆ.

ಈ ಸಲ ಅಮ್ಮನನ್ನೂ ಕರೆದುಕೊಂಡು ಹೋದೆ. ಅವಳಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ, ಕಾರಿನಲ್ಲಿ ಕಾಲು ಮಡಿಸಿ ಕೂರುವುದು ಇನ್ನೂ ಕಷ್ಟ. ರೈಲಲ್ಲಾದರೆ ಎದ್ದು ಓಡಾಡಬಹುದು. ವಾರದ ಮಧ್ಯದ ದಿನ ನೋಡಿ ಕೆಂಗೇರಿಯಲ್ಲಿ ಬೆಳಗಿನ ಗಾಡಿ ಹತ್ತಿದೆವು. ರಿಸರ್ವೇಶನ್ನಿನ ತಲೆನೋವಿಲ್ಲ, ಸಾದಾ ಟಿಕೆಟ್ ಸಾಕು. ರಾಮನಗರದ ಬಂಡೆಗಳು ಕಳೆದು, ಮದ್ದೂರು ಬರುವಷ್ಟರಲ್ಲಿ ವಡೆಯವರು ಹತ್ತಿದರು. ಅಮ್ಮ ಎಷ್ಟು ಹೊತ್ತಿಗೆ ವಡೆ ಬರುತ್ತೆ ಅಂತ ಚನ್ನಪಟ್ಟಣದಿಂದಲೇ ಕೇಳುತ್ತಿದ್ದಳು. ಮಂಡ್ಯ ದಾಟಿದರೆ ಕಬ್ಬು, ಗದ್ದೆ, ತೆಂಗು. ಪಾಂಡವಪುರ ಆದ ಮೇಲೆ ನಾನು ಅವಳನ್ನು ಕಿಟಕಿ ಪಕ್ಕಕ್ಕೆ ಕೂರಿಸಿದೆ.

ಯಾಕೆಂದರೆ ಈ ದಾರಿಯಲ್ಲಿ ಕಾಯುವಂಥ ಗಳಿಗೆ ಅದೇ. ರೈಲು ಕಾವೇರಿಯ ಒಂದು ಕವಲನ್ನು ದಾಟಿ ದ್ವೀಪದ ಮೇಲೆ ಬರುತ್ತದೆ. ಅಮ್ಮ ಚಿಲ್ಲರೆ ಹುಡುಕಿ, ಒಂದು ನಾಣ್ಯ ಹಣೆಗೆ ಒತ್ತಿಕೊಂಡು ನದಿಗೆ ಹಾಕಿದಳು. ಆಮೇಲೆ ಕೋಟೆ. ಹಳಿ ಕೋಟೆಯ ಪಕ್ಕದಲ್ಲಿ ಹೋಗುವುದಿಲ್ಲ, ಗೋಡೆ ಸೀಳಿಕೊಂಡು ಒಳಗೇ ಹೋಗುತ್ತದೆ. 1876–78ರ ಧಾತು ವರ್ಷದ ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಶುರುವಾದ ಲೈನ್ ಇದು. 1880ರ ದಶಕದ ಆರಂಭದಲ್ಲಿ ಮೈಸೂರು ಮುಟ್ಟಿತು. ಆಗ ಕೋಟೆಯ ಬಗ್ಗೆ ಯಾರಿಗೂ ಕರುಣೆ ಬಂದಂತೆ ಕಾಣುವುದಿಲ್ಲ. ಟಿಪ್ಪು ಸತ್ತು ಎಂಬತ್ತು ಚಿಲ್ಲರೆ ವರ್ಷವಾಗಿತ್ತು, ಅಷ್ಟೇ.

ಅದೇ ಹಳಿ ಇನ್ನೊಂದು ಕಾಲದಲ್ಲಿ ಬೇರೆ ರೀತಿ ನಡೆದುಕೊಂಡಿತು. ಜೋಡಿ ಹಳಿ ಹಾಕುವಾಗ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಸಿಡಿಮದ್ದಿನ ಮನೆ ಅಡ್ಡ ಬಂತು. ಇಟ್ಟಿಗೆ, ಗಾರೆಯ ಕಟ್ಟಡ, ಅರ್ಧ ನೆಲದೊಳಗೆ. ಇಂಥವು ಈ ಊರಲ್ಲಿ ಹಲವು ಇವೆ. ಒಂದನ್ನು ಕೆಡವಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಕೆಡವಲಿಲ್ಲ. ಬೇರೆಲ್ಲ ಕಡೆ ಜೋಡಿ ಹಳಿಯ ಕೆಲಸ ಸಾಗಿದರೂ ಇಲ್ಲಿಯ ತುಂಡು ಕಾಯುತ್ತಾ ಇತ್ತು. ಕೊನೆಗೆ 2017ರಲ್ಲಿ ಅಡಿಪಾಯದ ಕೆಳಗೆ ಕೊರೆದು, ಉಕ್ಕಿನ ತೊಲೆಗಳನ್ನು ಕೊಟ್ಟು, ಜಾಕಿಗಳಿಂದ ಎತ್ತಿ, ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಇಡಿಯಾಗಿ 130 ಮೀಟರ್‌ನಷ್ಟು ಆಚೆಗೆ ಸರಿಸಿದರು. ನಾನು ಇದನ್ನು ಹೇಳಿದಾಗ ಅಮ್ಮ ನಂಬಲಿಲ್ಲ.

"ಮನೆ ಸಾಮಾನು ಸಾಗಿಸಿದ ಹಾಗೆ ಕಟ್ಟಡಾನೇ ಎತ್ತಿ ಇಟ್ರಾ?"

"ಹೂಂ ಅಮ್ಮ, ಒಂದು ಇಟ್ಟಿಗೇನೂ ಬಿಚ್ಚಲಿಲ್ಲ."

"ಹಂಗಾದ್ರೆ ನೋಡ್ಲೇಬೇಕು" ಅಂದಳು. ನೋಡಿದೆವು. ತಗ್ಗಾದ, ದಪ್ಪ ಗೋಡೆಯ, ಅಲಂಕಾರವೇ ಇಲ್ಲದ ಒಂದು ಕೋಣೆ. ಅರಮನೆ ಅಲ್ಲ, ಗುಡಿ ಅಲ್ಲ, ಮದ್ದು ಇಡುತ್ತಿದ್ದ ಉಗ್ರಾಣ. ಅಂಥದ್ದಕ್ಕೂ ರೈಲು ಕಾಯಿತು ಅನ್ನುವುದು ನನಗೆ ಬಹಳ ದೊಡ್ಡ ವಿಷಯ. ಮನಸ್ಸು ಮಾಡಿದರೆ ಉಳಿಸಬಹುದು ಅಲ್ವಾ?

ಸ್ಟೇಷನ್ನಿನಿಂದ ರಂಗನಾಥನ ಗುಡಿಗೆ ಅಮ್ಮನ ನಡಿಗೆಯಲ್ಲೂ ಕಾಲು ಗಂಟೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಮೊದಲು ಅಲ್ಲಿಗೇ ಹೋಗುವುದು ಒಳ್ಳೆಯದು. ಕಾವೇರಿಯ ಮೂರು ರಂಗಗಳಲ್ಲಿ ಇದು ಆದಿರಂಗ. ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಸಾಲು ಇರಲಿಲ್ಲ. ಶೇಷನ ಮೇಲೆ ಮಲಗಿದ ದೇವರನ್ನು ಅಮ್ಮ ತೃಪ್ತಿಯಾಗುವಷ್ಟು ಹೊತ್ತು ನೋಡಿದಳು. ಯಾರೂ ಮುಂದೆ ನಡೀರಿ ಅನ್ನಲಿಲ್ಲ.

ರಂಗನಾಯಕಿಯ ಸನ್ನಿಧಿಯ ಹತ್ತಿರ ಅವಳು ಅಲಮೇಲಮ್ಮನ ಕಥೆ ತೆಗೆದಳು. ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ. ಅವಳ ಒಡವೆಗಳನ್ನು ಮಂಗಳವಾರ, ಶುಕ್ರವಾರ ಈ ರಂಗನಾಯಕಿಗೆ ತೊಡಿಸುತ್ತಿದ್ದರಂತೆ. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ತೆಗೆದುಕೊಂಡ ಮೇಲೆ ಆ ಒಡವೆಗೆ ಜನ ಕಳಿಸಿದರು. ಅವಳು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ ಅಂತ ಶಪಿಸಿ ನದಿಗೆ ಹಾರಿದಳು. ಈ ಶಾಪ ನಾನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಒಡವೆ ತೊಟ್ಟಿದ್ದ ದೇವಿಯ ಎದುರಿಗೇ ನಿಂತು ಕೇಳಿದ್ದು ಅವತ್ತೇ. ಒಡೆಯರು ದಸರಾ ಶುರು ಮಾಡಿದ್ದೂ ಅದೇ 1610ರಲ್ಲಿ, ಇದೇ ಊರಲ್ಲಿ. ಮೈಸೂರಿಗೆ ಹೋದದ್ದು ಆಮೇಲೆ.

ಅಮ್ಮ ಹೂವಿನವರ ಅಂಗಡಿಯ ನೆರಳಲ್ಲಿ ಮಾತಿಗೆ ಕೂತಳು. ನಾನು ಕರ್ನಲ್ ಬೇಲಿಯ ಬಂದೀಖಾನೆಗೆ ಹೋಗಿ ಬಂದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನವರಿಗೆ ಸೆರೆ ಸಿಕ್ಕ ಬ್ರಿಟಿಷ್ ಅಧಿಕಾರಿ ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಗೋಡೆಯಲ್ಲಿ ಚಾಚಿಕೊಂಡ ಕಲ್ಲುಗಳಲ್ಲಿ ಸರಪಳಿ ಕಟ್ಟುವ ತೂತುಗಳಿವೆ. ಅದೇ ಯುದ್ಧದಲ್ಲಿ ಸಿಕ್ಕಿ, ಇದೇ ಊರಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್, 1799ರ ಮೇ 4ರಂದು ಕೋಟೆಗೆ ನುಗ್ಗಿದ ಬ್ರಿಟಿಷ್ ಸೈನ್ಯದ ಮುಂದಾಳು. ಮಳೆಗಾಲ ಶುರುವಾಗಿ ಕಾವೇರಿ ತುಂಬಿದರೆ ದಾಟಲು ಆಗುತ್ತಿರಲಿಲ್ಲ, ಅದಕ್ಕೇ ಆ ಅವಸರ. ಇನ್ನೊಂದು ತಿಂಗಳು ತಡೆದಿದ್ದರೆ ನದಿಯೇ ಕೋಟೆಯನ್ನು ಕಾಯುತ್ತಿತ್ತೇನೋ. ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲು ಇದೆ. ಅರಮನೆ ಇದ್ದ ಕಡೆ ಅಡಿಪಾಯ ಮಾತ್ರ ಉಳಿದಿದೆ.

ಕೋಟೆ ಗೋಡೆಯ ಸಂದಿಯಲ್ಲಿ ಆಲ, ಅರಳಿ ಬೇರು ಬಿಟ್ಟಿವೆ. ಕಂದಕದಲ್ಲಿ ಪ್ಲಾಸ್ಟಿಕ್. ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾವಿರ ಟನ್ ಎತ್ತಿ ಸರಿಸಿದ ಊರಲ್ಲಿ ಗೋಡೆಯ ಗಿಡ ಕೀಳುವುದು ಆಗದ ಕೆಲಸವಲ್ಲ.

ಊಟ ಮುಗಿಸಿ, ಜಾಮಿಯಾ ಮಸೀದಿಯ ಜೋಡಿ ಮಿನಾರುಗಳನ್ನು ಆಟೋದಲ್ಲಿ ಹೋಗಿ ನೋಡಿಕೊಂಡು, ಸಂಜೆಯ ಗಾಡಿಗೆ ವಾಪಸ್ ಬಂದೆವು. ಬೆಂಚಿನ ಮೇಲೆ ಕೂತು ಮುಂದಿನ ಊರು ಯಾವುದು ಅಂತ ಮಾತಾಯಿತು. ನಾನು ಪೆನುಗೊಂಡೆ ಅಂದೆ. 1565ರ ಸೋಲಿನ ನಂತರ ವಿಜಯನಗರದವರು ರಾಜಧಾನಿ ಮಾಡಿಕೊಂಡ ಊರು, ಆಂಧ್ರದಲ್ಲಿದ್ದರೂ ಬೆಂಗಳೂರಿಗೆ ಹತ್ತಿರ. ಅಮ್ಮ ಒಪ್ಪಲಿಲ್ಲ, ಬೆಟ್ಟ ಹತ್ತಕ್ಕಾಗಲ್ಲ ಅಂದಳು. ಅವಳಿಗೆ ನಂಜನಗೂಡೇ ಆಗಬೇಕು. ಏಳು ನೆಲೆಯ ಗೋಪುರ, ಕಪಿಲೆ, ಸ್ಟೇಷನ್ನಿಗೆ ಹತ್ತಿರದ ಗುಡಿ. ಮೈಸೂರು ದಾಟಿ ಹೋಗಬೇಕು, ಮೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತೆ ಅಂದೆ.

"ಹಿಡಿದ್ರೆ ಹಿಡೀಲಿ ಬಿಡೇ. ಸೋಮವಾರ ಮಾತ್ರ ಬೇಡ, ಜನ ಜಾಸ್ತಿ ಇರ್ತಾರೆ."

ಬುಧವಾರ ಅಂತ ಆಯಿತು.