ಥಂಡಿಯಲ್ಲಿ ತಿಗರಿ

ಜನವರಿ 6, 2025, ಸೋಮವಾರ
ಧಾರವಾಡ

ನಿನ್ನೆ ಸಂಜೆ ತಿಗರಿಯಲ್ಲಿ, ಅಂದರೆ ಕುಂಬಾರರ ಚಕ್ರದಲ್ಲಿ, ಮಾಡಿಟ್ಟ ಮಣ್ಣಿನ ಕಪ್ಪುಗಳು ಬೆಳಿಗ್ಗೆ ಮುಟ್ಟಿದರೆ ಇನ್ನೂ ಹಾಗೇ ಹಸಿ. ಷೆಡ್ಡಿನ ಒಳಗೆ 13 ಡಿಗ್ರಿ. ತಗಡಿನ ಕೆಳಭಾಗದಲ್ಲಿ ನೀರಿನ ಹನಿ ಸಾಲಾಗಿ ನಿಂತಿದ್ದವು. ಇಂಥ ಹೊತ್ತಿನಲ್ಲಿ ಹಿಡಿ ಅಂಟಿಸಲು ಹೋದರೆ ಕಪ್ಪೇ ಒಳಗೆ ಕುಸಿಯುತ್ತದೆ. ಸುಮ್ನೆ ಚಹಾ ಕುಡಿದು ಕೂತೆ.

ಮಧ್ಯಾಹ್ನ ಒಂದು ಗಂಟೆಗೆ ಆಟವೇ ಬೇರೆ. ಹೊರಗೆ ಬಿಸಿಲು ಚುರುಕಾಗಿದೆ, ಮೂಡಗಾಳಿ ಬೀಸುತ್ತಿದೆ. ಕಿಟಕಿ ಪಕ್ಕದ ಹಲಗೆಯ ಮೇಲೆ ಹೊದಿಸದೆ ಬಿಟ್ಟಿದ್ದ ಕಪ್ಪುಗಳ ಅಂಚು ಆಗಲೇ ಬೆಳ್ಳಗಾಗಿತ್ತು, ತಳ ಇನ್ನೂ ಕಪ್ಪಗೆ ಒದ್ದೆ. ನಮ್ಮೂರಿನ ಚಳಿಗಾಲ ಅಂದರೆ ಇದೇ. ಒಂದೇ ದಿನದಲ್ಲಿ ಎರಡು ಹವೆ. ರಾತ್ರಿಯಿಡೀ ಮಣ್ಣು ಒಣಗುವುದೇ ಇಲ್ಲ. ಮಧ್ಯಾಹ್ನ ಎರಡು ತಾಸಿನಲ್ಲಿ ಓಡಿಹೋಗಿ ಒಣಗುತ್ತದೆ.

ಮಣ್ಣಿನಿಂದ ನೀರು ಹೋದಂತೆ ಅದು ಕುಗ್ಗುತ್ತದೆ. ಇಡೀ ಪಾತ್ರೆ ಒಟ್ಟಿಗೆ ಕುಗ್ಗಿದರೆ ತಂಟೆಯಿಲ್ಲ. ಅಂಚು ಮೊದಲು ಕುಗ್ಗಿ, ತಳ ಹಿಂದೆ ಉಳಿದರೆ ನಡುವೆ ಎಳೆದಾಟ ಶುರು, ಕೊನೆಗೆ ಬಿರುಕು. ಮಣ್ಣಿನ ಜಾತಿಯ ಮೇಲೂ ಇದು ನಿಂತಿದೆ. ಧಾರವಾಡದ ಪಡುವಣಕ್ಕೆ ಕೆಂಪು ಮಣ್ಣು, ಮೂಡಣಕ್ಕೆ ನವಲಗುಂದ, ಗದಗದ ಕಡೆ ಎರೆ ಮಣ್ಣು. ಎರೆ ನೀರು ಕುಡಿದು ಉಬ್ಬುವುದೂ ಜಾಸ್ತಿ, ಒಣಗಿ ಕುಗ್ಗುವುದೂ ಜಾಸ್ತಿ. ಈಗ ಆ ಕಡೆ ಹೋದರೆ ಬಿಳಿಜೋಳದ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಕಾಣುತ್ತವೆ. ಹೊಲಕ್ಕೆ ಆಗುವುದೇ ಗಡಿಗೆಗೂ ಆಗುತ್ತದೆ. ಅದಕ್ಕೇ ಬರೀ ಎರೆಯಲ್ಲಿ ನಾನು ಏನೂ ಮಾಡುವುದಿಲ್ಲ. ಕೆಂಪು ಮಣ್ಣು ಸೇರಿಸಿ, ಸಾಣಿಸಿದ ಮರಳು ಹಾಕಿ ಕಲಸುತ್ತೇನೆ. ಮರಳು ಕುಗ್ಗುವುದಿಲ್ಲ ನೋಡಿ, ಒಳಗಿನ ನೀರು ಹೊರಗೆ ಬರಲು ಅದರ ಸುತ್ತ ದಾರಿಯೂ ಆಗುತ್ತದೆ.

ಯೂಟ್ಯೂಬಿನಲ್ಲಿ ಚಳಿಗಾಲದ ಕುಂಬಾರಿಕೆ ಅಂತ ಹುಡುಕಿದರೆ ಹಿಮ ಬೀಳುವ ದೇಶದವರೇ ಸಿಗುತ್ತಾರೆ. ಅವರ ಕಷ್ಟ ನಿಜಕ್ಕೂ ದೊಡ್ಡದು. ನೀರು ಹೆಪ್ಪುಗಟ್ಟಿದಾಗ ಹೆಚ್ಚುಕಮ್ಮಿ 9 ಪ್ರತಿಶತ ಹಿಗ್ಗುತ್ತದೆ. ಹಸಿ ಪಾತ್ರೆಯೊಳಗೆ ಹಾಗಾದರೆ, ಮಂಜು ಕರಗಿದ ಮೇಲೆ ಪಾತ್ರೆ ಪದರು ಪದರಾಗಿ ಉದುರುತ್ತದೆ. ಹಾಗಾಗಿ ಅವರು ಹೀಟರ್ ಇಡಿ, ಫ್ಯಾನ್ ಹಚ್ಚಿ ಅನ್ನುತ್ತಾರೆ. ಆ ಮಾತು ಕೇಳಿ ಇಲ್ಲಿ ಮಧ್ಯಾಹ್ನ ಫ್ಯಾನ್ ಹಚ್ಚಿದರೆ ಸಂಜೆಯೊಳಗೆ ಹಲಗೆ ತುಂಬ ಬೋಕಿ, ಬರೀ ಒಡೆದ ಚೂರು!

ನಾನು ಮಾಡುವುದು ಇಷ್ಟೇ. ಮೂಡಣ ಕಿಟಕಿಗೆ ಗೋಣಿತಾಟು ಕಟ್ಟಿದ್ದೇನೆ. ಹನ್ನೊಂದಕ್ಕೆ ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಸುತ್ತೇನೆ, ಸೂರ್ಯ ಮುಳುಗಿದ ಮೇಲೆ ತೆಗೆಯುತ್ತೇನೆ. ಅಂಚು ಸ್ವಲ್ಪ ಗಟ್ಟಿಯಾದ ಕೂಡಲೇ ಪಾತ್ರೆಯನ್ನು ಬೋರಲು ಹಾಕುತ್ತೇನೆ, ತಳಕ್ಕೂ ಗಾಳಿ ಸಿಗಲಿ ಅಂತ. ಹೊಸದಾಗಿ ಕಲಿಯಲು ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಚಳಿ ಇರುವುದು ರಾತ್ರಿ, ಹೊದಿಸುವುದು ಹಗಲು!

ಅವರಷ್ಟೇ ಅಲ್ಲ. ಜರಡಿ ಕೇಳಲು ಬಂದ ಕುಂಬಾರ ಓಣಿಯ ಅಜ್ಜ ಬಾಗಿಲಲ್ಲೇ ನಿಂತು ನಕ್ಕರು.

"ಏನ ತಂಗಿ, ಹಾಡಾಹಗಲ ಗಡಿಗಿಗೆ ಕೌದಿ ಹೊಚ್ಚೀಯಲ್ಲ?"

"ಗಾಳಿ ಬಾಳ ಐತ್ರಿ ಅಜ್ಜಾರ."

"ಖರೇ ಐತಿ. ಥಂಡಿ ಗಡಿಗಿಗೆ ಏನೂ ಮಾಡಂಗಿಲ್ಲ. ಈ ಮೂಡಗಾಳಿ ಬಿಡಂಗಿಲ್ಲ ನೋಡು."

ಅವರ ಮನೆಯಲ್ಲಿ ಪ್ಲಾಸ್ಟಿಕ್ ಇಲ್ಲ. ಹಸಿ ಗಡಿಗೆಗಳನ್ನು ಒಳಗಿನ ಕೋಣೆಯಲ್ಲಿ ಇಡುತ್ತಾರೆ, ಅರ್ಧ ಒಣಗಿದ ಮೇಲೇ ಅಂಗಳದ ಬಿಸಿಲಿಗೆ ತರುತ್ತಾರೆ. ಈಗ ಅವರಿಗೆ ಬಿಡುವೇ ಇಲ್ಲ. ಶಿವರಾತ್ರಿ ಹೊತ್ತಿಗೆ ಜನ ನೀರಿನ ಹರವಿ ಕೇಳಲು ಶುರು ಮಾಡುತ್ತಾರೆ. ಅಷ್ಟರೊಳಗೆ ಬಡಿದು, ಒಣಗಿಸಿ, ಆವಿಗೆಯಲ್ಲಿ ಸುಟ್ಟು ಇಟ್ಟಿರಬೇಕು. ಬೇಸಿಗೆಯ ವ್ಯಾಪಾರ ಇರುವುದು ಚಳಿಗಾಲದ ಕೈಯಲ್ಲಿ. ಹಸಿ ಹರವಿಯನ್ನು ಸೀಳುವ ಇದೇ ಒಣ ಗಾಳಿ, ಸುಟ್ಟ ಹರವಿಯ ಮೈಯಿಂದ ಜಿನುಗುವ ನೀರನ್ನು ಆರಿಸಿ ಒಳಗಿನ ನೀರು ತಣ್ಣಗಿಡುತ್ತದೆ. ಅಜ್ಜನಿಗೆ ಇದನ್ನು ಹೇಳಿದೆ. "ಅದಕ್ಕ ಬೈಯಾಕ ಬರಂಗಿಲ್ಲ" ಅಂದರು. ಜರಡಿ ತಗೊಂಡು ಹೋದರು.

ಕೈಯ ಕಥೆ ಬೇರೆ. ತಿಗರಿ ಪಕ್ಕದ ಬಕೆಟ್ಟಿನಲ್ಲಿ ಬೆಳಿಗ್ಗೆ ಬೆರಳು ಅದ್ದಿದರೆ ಮೊಣಕೈತನಕ ಜುಮ್ ಅನ್ನುತ್ತದೆ. ಕಾಯಿಲ್ ಹಾಕಿ ನೀರು ಬೆಚ್ಚಗೆ ಮಾಡಿಕೊಳ್ಳುತ್ತೇನೆ, ಆಮೇಲೆ ಸ್ವಿಚ್ ತೆಗೆದು ಕಾಯಿಲ್ ದೂರ ಇಟ್ಟು ಕೂರುತ್ತೇನೆ. ಚಳಿಗೆ ಮಣ್ಣೂ ಬಿಗಿದಿರುತ್ತದೆ, ಮಿದಿಯಲು ಭುಜದ ಬಲ ಬೇಕು. ಸಂಜೆಗೆ ಬೆರಳ ಸಂದಿಗಳು ಒಡೆದು ಉರಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿ. ಹಚ್ಚಿಕೊಂಡರೂ ಕೆಲಸ ಮುಗಿದ ಮೇಲೇ ಹಚ್ಚಿಕೊಳ್ಳಬೇಕು. ಒಮ್ಮೆ ಸುಟ್ಟ ಪಾತ್ರೆಯನ್ನು ಎಣ್ಣೆ ಕೈಯಲ್ಲಿ ಮುಟ್ಟಿದರೆ ಆ ಜಾಗದಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಿಡಿಯುವುದಿಲ್ಲ. ಬೆರಳಚ್ಚು ಮಾತ್ರ ಚೆನ್ನಾಗಿ ಮೂಡುತ್ತದೆ, ಪೊಲೀಸರಿಗೆ ಬೇಕಾದ ಹಾಗೆ.

ಇವತ್ತು ಪಾತ್ರೆ ಸುಡುವ ಭಟ್ಟಿ ತುಂಬಿದೆ. ನಮ್ಮದು ಕರೆಂಟಿನದು. ಬೆಳಿಗ್ಗೆ ಓಣಿಯವರೆಲ್ಲ ಗೀಜರ್ ಹಾಕುತ್ತಾರೆ, ವೋಲ್ಟೇಜ್ ಬೀಳುತ್ತದೆ. ಹಾಗಾಗಿ ಹತ್ತರ ಮೇಲೇ ಶುರು. ಚಳಿಗಾಲದಲ್ಲಿ ಪಾತ್ರೆ ಒಣಗಿದೆ ಅಂತ ಕಣ್ಣು ಹೇಳಿದರೆ ನಂಬಬಾರದು. ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ ಅಂತ. ಮುಂಜಾನೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಎಲ್ಲವೂ ತಣ್ಣಗೇ. ಒಳಗೆ ನೀರು ಉಳಿದಿದ್ದು 100 ಡಿಗ್ರಿ ದಾಟಿತು ಅಂದರೆ ಉಗಿಯಾಗಿ ಪಾತ್ರೆ ಸಿಡಿಯುತ್ತದೆ, ಪಕ್ಕದ್ದನ್ನೂ ಕರೆದುಕೊಂಡು ಹೋಗುತ್ತದೆ. ಹಾಗಾಗಿ ಭಟ್ಟಿಯ ಮುಚ್ಚಳ ಬೆರಳಷ್ಟು ತೆರೆದಿಟ್ಟು, 90ರ ಹತ್ತಿರ ಬಹಳ ಹೊತ್ತು ಕಾಯಿಸುತ್ತೇನೆ. ಕರೆಂಟ್ ಬಿಲ್ ಜಾಸ್ತಿಯಾಗುತ್ತದೆ, ಆಗಲಿ.

ಸುಟ್ಟ ಮೇಲೆ ಭಟ್ಟಿ ತಣಿಸುವಾಗ ಆತುರ ಇನ್ನೂ ಕೆಟ್ಟದ್ದು. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಬೆಣಚುಕಲ್ಲಿನ ಪುಡಿ ತಟ್ಟನೆ ಗಾತ್ರ ಬದಲಿಸುತ್ತದೆ, ಏರುವಾಗಲೂ ಇಳಿಯುವಾಗಲೂ. ಅಲ್ಲಿ ನಿಧಾನ ಬೇಕು. ಕೆಳಗಿಳಿದ ಮೇಲೂ ಮುಚ್ಚಳ ತೆಗೆದರೆ ಹೊರಗಿನ ಚಳಿ ಗಾಳಿ ಒಳಗೆ ನುಗ್ಗಿ ಠಣ್ ಅಂತ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆ ಒಡೆದದ್ದು ಎಷ್ಟು ಅಂತ ಎಣಿಸುವುದಷ್ಟೇ ಕೆಲಸ.

ಸಂಕ್ರಾಂತಿಗೆ ಕುಸುರೆಳ್ಳು ಹಾಕಿ ಕೊಡಲು ಪುಟ್ಟ ಕುಡಿಕೆಗಳ ಆರ್ಡರ್ ಇದೆ. ಹಬ್ಬ 14ಕ್ಕೆ. ಈ ಭಟ್ಟಿ ಸರಿಯಾಗಿ ಇಳಿದರೆ ಸಾಕು, ಬಣ್ಣ ಗಿಣ್ಣ ಬೇಡ ಅಂದಿದ್ದಾರೆ, ಪುಣ್ಯ.

ಕಲಿಯುವವರ ಬ್ಯಾಚ್ ಬೆಳಿಗ್ಗೆ ಏಳರ ಬದಲು ಹನ್ನೊಂದಕ್ಕೆ ಹಾಕಿದ್ದೇನೆ. ಏಳಕ್ಕೆ ಯಾರೂ ಬರುತ್ತಿರಲಿಲ್ಲ, ಬಂದವರು ಭಟ್ಟಿಗೆ ಬೆನ್ನು ಕೊಟ್ಟು ಹರಟೆ ಹೊಡೆಯುತ್ತಿದ್ದರು. ನಾಳೆ ಬರುವವರು ತೋಳು ಮೇಲೆ ಸರಿಯುವ ಸ್ವೆಟರ್ ಹಾಕಿಕೊಂಡು ಬನ್ನಿ. ಉದ್ದನೆಯ ಶಾಲು ಮಾತ್ರ ಬೇಡ, ತಿಗರಿಗೆ ಸುತ್ತಿಕೊಳ್ಳುತ್ತದೆ.