ತಲಕಾವೇರಿಗೆ ಕಾಲ್ನಡಿಗೆ: ಕೊನೆಯ ಎಂಟು ಕಿಲೋಮೀಟರಿಗಾಗಿ

ಮಡಿಕೇರಿಯಿಂದ ತಲಕಾವೇರಿಗೆ ನಡೆದೇ ಹೋಗುತ್ತೇವೆಂದು ಹೊರಟವರಲ್ಲಿ ಹಲವರು ಭಾಗಮಂಡಲ ತಲುಪುವಷ್ಟರಲ್ಲಿ ಸೋತುಹೋಗಿರುತ್ತಾರೆ. ಸಂಗಮದಲ್ಲಿ ಮುಳುಗು ಹಾಕಿ, ಅಲ್ಲಿಂದ ಮೇಲಕ್ಕೆ ಬಸ್ ಹತ್ತುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಭಾಗಮಂಡಲದವರೆಗಿನ ದಾರಿ ನಲವತ್ತು ಕಿಲೋಮೀಟರಿನಷ್ಟು, ಅಲ್ಲಿಂದ ಮೇಲಕ್ಕೆ ಸುಮಾರು ಎಂಟು. ಆದರೆ ಯಾತ್ರೆಯ ತಿರುಳಿರುವುದು ಆ ಎಂಟರಲ್ಲಿ. ಹಿಂದಿನ ನಲವತ್ತನ್ನು ಎಷ್ಟು ನಿಧಾನವಾಗಿ, ಎಷ್ಟು ಜೋಪಾನವಾಗಿ ನಡೆಯುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಮುಹೂರ್ತ ನೋಡಿಕೊಳ್ಳಬೇಕು. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ ತಲಕಾವೇರಿಯ ಕೊಳದ ಪಕ್ಕದ ಚಿಕ್ಕ ಕುಂಡವಾದ ಬ್ರಹ್ಮಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ ಎಂಬುದು ನಂಬಿಕೆ. ದಿನ ಅಕ್ಟೋಬರ್ 17 ಅಥವಾ 18, ಗಳಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಆರು ಗಂಟೆಯಷ್ಟು ಮುಂದಕ್ಕೆ ಜಾರುತ್ತದೆ. 2023ರಲ್ಲಿ ಅದು ನಡುರಾತ್ರಿ ಕಳೆದು 1.27ಕ್ಕೆ ಬಂದಿತ್ತು, 2024ರಲ್ಲಿ ಬೆಳಿಗ್ಗೆ 7.40ಕ್ಕೆ. ನಡುರಾತ್ರಿಯ ಮುಹೂರ್ತವಾದರೆ ಸಂಜೆಯೇ ಬೆಟ್ಟ ಹತ್ತಲು ಶುರು ಮಾಡಬೇಕು. ಬೆಳಗಿನದಾದರೆ ಭಾಗಮಂಡಲದಲ್ಲಿ ನಾಲ್ಕು ಗಂಟೆ ಮಲಗಿ ಏಳಬಹುದು. ಹೊರಡುವ ದಿನವನ್ನು ಹೀಗೆ ಹಿಂದಿನಿಂದ ಲೆಕ್ಕ ಹಾಕಿಯೇ ಗೊತ್ತು ಮಾಡಬೇಕು. ವಯಸ್ಸಾದವರು, ಜನಜಂಗುಳಿ ಒಗ್ಗದವರು ಸಂಕ್ರಮಣದ ದಿನವೇ ಹೋಗಬೇಕೆಂದೇನೂ ಇಲ್ಲ. ನವೆಂಬರ್ ನಡುವಿನ ಕಿರು ಸಂಕ್ರಮಣದವರೆಗೂ ತುಲಾ ಮಾಸದ ಸ್ನಾನಕ್ಕೆ ಜನ ಬರುತ್ತಲೇ ಇರುತ್ತಾರೆ, ಆಗ ದಾರಿಯೂ ಹಗುರ.

ನಾವು ನಡೆದದ್ದು 2024ರ ಬೆಳಗಿನ ಮುಹೂರ್ತಕ್ಕೆ. ಗುಂಪಿನಲ್ಲಿ ನಮ್ಮ ಅತ್ತೆಯೂ ಇದ್ದರು, ಅರವತ್ತು ದಾಟಿದವರು. ಅವರ ನಡಿಗೆಯೇ ನಮ್ಮೆಲ್ಲರ ನಡಿಗೆಯಾಯಿತು. ಯಾರ ಹೆಜ್ಜೆ ಎಲ್ಲರಿಗಿಂತ ಚಿಕ್ಕದೋ ಅವರನ್ನು ಮುಂದೆ ಬಿಡುವುದು ಕಾಲ್ನಡಿಗೆಯವರ ಹಳೆಯ ಕ್ರಮ, ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮೊದಲ ದಿನ ಬೆಟ್ಟಗೇರಿ ದಾಟಿ ಚೇರಂಬಾಣೆಯ ಹತ್ತಿರದ ನೆಂಟರ ಮನೆಯಲ್ಲಿ ಉಳಿದೆವು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸವೆದಿರುತ್ತದೆ. ಗಟ್ಟಿಗರು ಒಂದೇ ದಿನದಲ್ಲಿ ಭಾಗಮಂಡಲ ಮುಟ್ಟುತ್ತಾರೆ, ನಿಜ. ಆದರೆ ಮರುದಿನದ ಏರಿಗೆ ಅವರ ಮೊಣಕಾಲು ಏನು ಹೇಳುತ್ತದೆ ಎಂದು ಯೋಚಿಸಬೇಕು.

ಅಕ್ಟೋಬರ್ ಆದರೂ ಮಳೆ ಬಿಟ್ಟಿತೆಂದು ನಂಬುವಂತಿಲ್ಲ. ಭಾಗಮಂಡಲದ ಸೀಮೆ ಕೊಡಗಿನಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಕಡೆಗಳಲ್ಲಿ ಒಂದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು, ಸಂಜೆಗೆ ಮಂಜು. ಒದ್ದೆಯಾದ ಕಾಲುಚೀಲದಲ್ಲಿ ನಡೆದರೆ ಬೊಕ್ಕೆ ಏಳುವುದು ಖಂಡಿತ. ಚೇರಂಬಾಣೆಯ ಅಂಗಡಿಯೊಂದರ ಜಗಲಿಯಲ್ಲಿ ಅತ್ತೆ ಬೂಟು ಬಿಚ್ಚಿದಾಗ ಹಿಮ್ಮಡಿಯ ಪಕ್ಕ ಕೆಂಪಗೆ ಉಜ್ಜಿತ್ತು, ಚರ್ಮ ಇನ್ನೂ ಎದ್ದಿರಲಿಲ್ಲ. ಅಂಗಡಿಯ ಹೆಂಗಸು ಒಳಗಿನಿಂದ ತೆಂಗಿನೆಣ್ಣೆಯ ಬಟ್ಟಲು ತಂದಿಟ್ಟು, "ಈಗಲೇ ಒರೆಸಿ ಒಣಗಿಸಿ ಅಮ್ಮಾ, ಬೊಕ್ಕೆ ಬಂದ ಮೇಲೆ ಮಾಡುವುದು ಏನೂ ಇಲ್ಲ" ಎಂದರು. ಕಾಲು ಒರೆಸಿ, ಎಣ್ಣೆ ಸವರಿ, ಉಜ್ಜಿದ ಜಾಗಕ್ಕೆ ಪಟ್ಟಿ ಅಂಟಿಸಿ, ಒಣ ಕಾಲುಚೀಲ ಹಾಕಿದೆವು. ಅತ್ತೆ ಮೇಲಿನವರೆಗೂ ನಡೆದರು. ಆದ್ದರಿಂದ ಚೀಲದಲ್ಲಿ ಬಟ್ಟೆ ಕಡಿಮೆಯಾದರೂ ಚಿಂತೆಯಿಲ್ಲ, ಕಾಲುಚೀಲ ಮೂರು ಜೊತೆ ಇರಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಲಿ. ಉರಿಯುತ್ತದೆ ಎನಿಸಿದ ಕೂಡಲೇ ಕೂರಬೇಕು. ಹೊಸ ಬೂಟು ಹಾಕಿಕೊಂಡು ಹೊರಡಲೇಬಾರದು. ಹುಲ್ಲಂಚಿನಲ್ಲಿ ಕೂತರೆ ಜಿಗಣೆ ಹತ್ತುತ್ತದೆ; ಒಂದು ಚಿಟಿಕೆ ಉಪ್ಪು ಅಥವಾ ಸುಣ್ಣ ಸಾಕು, ಕಿತ್ತೆಸೆಯಬೇಡಿ.

ದಾರಿ ಕಿರಿದು, ತಿರುವು ಬಹಳ. ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯಿರಿ. ಮಂಜಿನಲ್ಲಿ ಬಿಳಿ ಬಟ್ಟೆ ಕಾಣುವುದಿಲ್ಲ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯಿರುವ ಅಂಗಿ ಒಂದಾದರೂ ಗುಂಪಿನ ಹಿಂದಿನವರ ಮೈಮೇಲೆ ಇರಲಿ. ತೋಟದ ಒಳದಾರಿ ಹತ್ತಿರವೆಂದು ಕತ್ತಲಲ್ಲಿ ಇಳಿಯಬಾರದು. ಆನೆಯ ಓಡಾಟವಿದೆಯೇ ಎಂದು ಊರಿನವರನ್ನು ಕೇಳದೆ ಮುಂದೆ ಹೋಗುವುದು ಬೇಡ. ಮೊಬೈಲ್ ಹಲವು ಕಡೆ ಸಿಗುವುದಿಲ್ಲ, ಎಲ್ಲಿ ಸೇರಬೇಕೆಂದು ಬೆಳಿಗ್ಗೆಯೇ ಮಾತಾಡಿಕೊಳ್ಳಬೇಕು.

ಎರಡನೆಯ ದಿನ ಚೆಟ್ಟಿಮಾನಿಯ ಕಡೆಗೆ ನಡೆಯುವಾಗ ಗದ್ದೆಗಳಲ್ಲಿ ಬೊತ್ತು ನೆಡುತ್ತಿದ್ದರು. ಸಂಕ್ರಮಣದ ಮುನ್ನಾದಿನದ ಕೆಲಸ ಅದು. ತುದಿಯಲ್ಲಿ ಎಲೆ ಉಳಿಸಿದ ಕೋಲಿಗೆ ಕಾಡುಬಳ್ಳಿಯನ್ನು ಬಳೆಯಂತೆ ಸುತ್ತಿ, ತೆನೆ ಕಟ್ಟುತ್ತಿರುವ ಭತ್ತದ ನಡುವೆ ಊರುತ್ತಾರೆ. ಹುಡುಗನೊಬ್ಬ ಬಳ್ಳಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಯಿಂದ ಸುತ್ತುತ್ತಿದ್ದ, ಅವನ ಅಜ್ಜ ಬದುವಿನ ಮೇಲೆ ನಿಂತು ಬಿಗಿ ಸಾಲದೆಂದು ಮತ್ತೆ ಬಿಚ್ಚಿಸಿದರು. ಕಾವೇರಿ ಗದ್ದೆಗೂ ಬಾವಿಗೂ ಬರುತ್ತಾಳೆಂದು ಮನೆಮನೆ ಸಿದ್ಧವಾಗುವ ಹೊತ್ತು. ಕಾರಿನಲ್ಲಿ ಹೋದವರಿಗೆ ಇದು ಕಾಣುವುದಿಲ್ಲ. ನಡೆದು ಹೋಗಿ ಎಂದು ನಾನು ಒತ್ತಾಯಿಸುವುದು ಇದಕ್ಕೂ ಸೇರಿ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವಲ್ಲಿ ಸ್ನಾನ, ಆಮೇಲೆ ಭಗಂಡೇಶ್ವರನ ದರ್ಶನ, ಆಮೇಲೆ ಬೆಟ್ಟ. ಕ್ರಮ ಇದೇ. ನೀರು ಹೆಚ್ಚಿದ್ದರೆ ಮೆಟ್ಟಿಲು ಬಿಟ್ಟು ಇಳಿಯಬೇಡಿ. ಊಟ ಹಗುರವಾಗಿರಲಿ, ಬೇಗ ಮಲಗಿ. ತಂಗಲು ಜಾಗ ಮೊದಲೇ ಗೊತ್ತು ಮಾಡಿಕೊಳ್ಳದವರು ಆ ರಾತ್ರಿ ಪರದಾಡುತ್ತಾರೆ.

ಮೂರು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೊರಟೆವು. ಮುಂದೆ ಕೊಡವರ ಉದ್ದನೆಯ ಅಂಗಿಯಾದ ಕುಪ್ಯ ತೊಟ್ಟ ಗುಂಪೊಂದು ದುಡಿಯೆಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹಾಡುತ್ತಿತ್ತು. ತಿರುವು ತಿರುಗಿದಂತೆ ದುಡಿಯ ಸದ್ದು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಯಾರೂ ಅವಸರ ಮಾಡಲಿಲ್ಲ. ನೂರು ಹೆಜ್ಜೆ, ಸ್ವಲ್ಪ ನಿಲ್ಲುವುದು, ಒಂದು ಗುಟುಕು ನೀರು, ಒಂದು ಚೂರು ಬೆಲ್ಲ. ಹೀಗೆ ಏರಿದರೆ ಉಸಿರು ಕಟ್ಟುವುದಿಲ್ಲ. 2020ರ ಆಗಸ್ಟಿನಲ್ಲಿ ಈ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಒಯ್ದಿತು, ಜೀವಗಳು ಹೋದವು. ಮಳೆ ಸುರಿಯುವಾಗ ಕಡಿದ ಗುಡ್ಡದ ಬುಡದಲ್ಲಿ ವಿಶ್ರಮಿಸಬಾರದು ಎಂಬುದನ್ನು ಆ ಮಣ್ಣು ನೋಡಿದವರಿಗೆ ಹೇಳಬೇಕಾಗಿಲ್ಲ.

ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಬೆವರಿದ ಮೈಗೆ ಗಾಳಿ ಹೊಡೆದರೆ ನಡುಕ ಬರುತ್ತದೆ, ಒಣ ಅಂಗಿಯನ್ನು ಅಲ್ಲಿಗೆಂದೇ ಉಳಿಸಿಕೊಳ್ಳಿ. ತೀರ್ಥೋದ್ಭವದ ಹೊತ್ತಿನಲ್ಲಿ ಕೊಳದ ಸುತ್ತ ನೂಕುನುಗ್ಗಲು. ಮಕ್ಕಳನ್ನೂ ಹಿರಿಯರನ್ನೂ ಹಿಂದಿನ ಮೆಟ್ಟಿಲಲ್ಲೇ ಕೂರಿಸಿ, ಒಬ್ಬರೇ ಹೋಗಿ ತೀರ್ಥ ತಂದರೆ ಎಲ್ಲರಿಗೂ ಆಯಿತು. ತಿರುಗಿಸಿ ಮುಚ್ಚುವ ಬಿರಡೆಯ ಚಿಕ್ಕ ಪಾತ್ರೆ ಸಾಕು, ಮನೆಯ ಬಾವಿಗೆ ಹನಿಸಲು, ಮಲಗಿದವರ ಬಾಯಿಗೆ ಬಿಡಲು ಎಷ್ಟು ಬೇಕು? ಹೂವು, ಬಟ್ಟೆ, ಪ್ಲಾಸ್ಟಿಕ್ ಬಾಟಲಿ ಅಲ್ಲಿ ಬಿಟ್ಟು ಬರುವವರನ್ನು ಕಂಡರೆ ನೇರವಾಗಿ ಹೇಳಿ, ಹೇಳುವುದರಲ್ಲಿ ತಪ್ಪಿಲ್ಲ.

ಇಳಿಯುವಾಗ ಹಟ ಬೇಡ. ಏರಿಗಿಂತ ಇಳಿಜಾರೇ ಮೊಣಕಾಲಿಗೆ ಕಷ್ಟ. ನಾವು ಬಸ್ಸಿನಲ್ಲಿ ಇಳಿದೆವು, ಭಾಗಮಂಡಲದಿಂದ ಮಡಿಕೇರಿಗೂ ಬಸ್ಸೇ.